ಅಗಸಿಯ ಏರು ಮತ್ತು ನನ್ನ ಸೈಕಲ್ಲು

ನಿಮ್ಮ ಕಡೆ ಬೆಟ್ಟ ಎಲ್ಲಿವೆ ಎಂದು ಕೇಳುವವರ ಮೇಲೆ ನನಗೆ ಸಿಟ್ಟಿದೆ. ಅವರು ಕಾರಿನ ಗಾಜು ಏರಿಸಿಕೊಂಡು ದೊಡ್ಡ ರಸ್ತೆಯಲ್ಲಿ ಹೋದವರು. ಆಳಂದದಿಂದ ಗಡಿಯ ಕಡೆಗೆ ಒಂದು ದಿನ ಸೈಕಲ್ ಹೊಡೆದು ನೋಡಲಿ, ತೊಡೆಗಳೇ ಉತ್ತರ ಹೇಳುತ್ತವೆ. ಮುಗಿಲು ಮುಟ್ಟುವ ಬೆಟ್ಟಗಳಲ್ಲ ನಮ್ಮವು, ಒಪ್ಪುತ್ತೇನೆ. ಕಪ್ಪು ಹೊಲಗಳ ನಡುವೆ ಎದ್ದ ಕಲ್ಲುಗುಡ್ಡಗಳು, ಮರಡಿ ಎನ್ನುತ್ತೇವೆ. ಅವುಗಳ ಮೇಲೆ ಒಣಹುಲ್ಲು, ಕುರಿಗಳು ತುಳಿದು ಮಾಡಿದ ದಾರಿ, ಸಣ್ಣ ಕಲ್ಲು ಬೆರೆತ ಗರಸು ನೆಲ. ಆ ಗರಸು ಟೈರಿನ ಕೆಳಗೆ ಕರಕರ ಎಂದಿತೆಂದರೆ ವಾರವಿಡೀ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ ದಣಿವು ನನ್ನ ಮೈಯಿಂದ ಇಳಿದುಹೋಗುತ್ತದೆ.

ಸೈಕಲ್ ನಿಜಕ್ಕೂ ನನ್ನದಲ್ಲ. ನನ್ನ ಗಂಡ ಆಳಂದದಲ್ಲಿ ನೌಕರಿ ಮಾಡುವಾಗ ಹೊಟ್ಟೆ ಕರಗಿಸಲು ತಂದ, ಕಚ್ಚಾ ದಾರಿಗೆಂದೇ ಮಾಡಿದ ಗ್ರಾವೆಲ್ ಬೈಕು ಅದು. ದಪ್ಪ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ಅವರಿಗೆ ಸೊಂಟ ಹಿಡಿಯಿತು, ಹೊಟ್ಟೆ ಇದ್ದಲ್ಲೇ ಇತ್ತು. ಅಟ್ಟಕ್ಕೆ ಹೋಗಬೇಕಿದ್ದ ಸೈಕಲ್ಲನ್ನು ನಾನು ಅಂಗಳಕ್ಕೆ ಇಳಿಸಿದೆ. ನನ್ನ ತವರು ಯಡ್ರಾಮಿ ಕಡೆ. ಅಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲಿಗೆ ಒಳಗಾಲು ಹಾಕಿ ಊರೆಲ್ಲ ಸುತ್ತಿದವಳು ನಾನು. ಊರ ಮಗಳಿಗೆ ಯಾರು ಏನೆನ್ನುತ್ತಾರೆ?

ತೊಂದರೆ ಇದ್ದದ್ದು ಊರ ಸೊಸೆಗೆ. ಈಗ ನಾವಿರುವುದು ಅಫಜಲಪುರದಲ್ಲಿ. ಗಂಡನ ಊರು ಅಲ್ಲಿಂದ ಘತ್ತರಗಿಗೆ ಹೋಗುವಾಗ ಮರಡಿಯ ಆಚೆ ಸಿಗುತ್ತದೆ. ಹಳೆಯ ಊರು. ಕಲ್ಲಿನ ದೊಡ್ಡ ಅಗಸಿ, ಎಂದರೆ ಊರ ಹೆಬ್ಬಾಗಿಲು. ಅದರ ಪಕ್ಕದಲ್ಲಿ ಕಾಲದ ಹೊಡೆತಕ್ಕೆ ಅರ್ಧ ಕುಸಿದ ದುಂಡು ಹುಡೇವು, ಹಳೆಯ ಕಾವಲು ಬುರುಜು. ಮರಡಿಯಿಂದ ಇಳಿದ ದಾರಿ ಹಳ್ಳ ದಾಟಿ ನೇರವಾಗಿ ಅಗಸಿಗೆ ಏರುತ್ತದೆ. ನಾನು ನೋಡಿದ ಗರಸಿನ ದಾರಿಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಅಗಸಿಯ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಊರ ಹಿರಿಯರು ಕೂಡುತ್ತಾರೆ. ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಮ್ಮ ಮಾವನೂ ಅಲ್ಲೇ ಕೂಡುತ್ತಾರೆ. ಆ ಕಟ್ಟೆಯ ಮುಂದೆ ಸೊಸೆಯಂದಿರು ಗಾಡಿಯಿಂದ ಇಳಿದು, ತಲೆಯ ಮೇಲೆ ಸೆರಗು ಹೊದ್ದು, ತಲೆ ತಗ್ಗಿಸಿ ನಡೆದು ಹೋಗುವುದು ರೂಢಿ.

ನಮ್ಮ ಮನೆಯಲ್ಲಿ ಮಾವ ಸೊಸೆ ಎದುರಾಬದುರು ಮಾತಾಡುವುದೂ ಇಲ್ಲ. ಮದುವೆಯಾಗಿ ಹದಿನೆಂಟು ವರ್ಷವಾದರೂ ನಮ್ಮಿಬ್ಬರ ಮಾತೆಲ್ಲ ಅತ್ತೆಯ ಮೂಲಕವೇ ಹೋಗಬೇಕು. ನಾನು ಎದುರಿಗೇ ನಿಂತಿದ್ದರೂ ಮಾವ ಅತ್ತೆಗೆ ಹೇಳುತ್ತಾರೆ, "ಚಾದಾಗ ಸಕ್ರಿ ಕಮ್ಮಿ ಹಾಕು ಅಂತ ಹೇಳು." ನಾನು ಅತ್ತೆಗೆ ಹೇಳುತ್ತೇನೆ, "ಹಾಕೇ ಇಲ್ಲಂತ ಹೇಳ್ರಿ ಅತ್ತಿ." ಅತ್ತೆ ಇಬ್ಬರಿಗೂ ಏನೂ ಹೇಳದೆ ರೊಟ್ಟಿ ಬಡಿಯುತ್ತಾರೆ. ಇದರಲ್ಲಿ ದ್ವೇಷವಿಲ್ಲ, ಮರ್ಯಾದೆ ಇದೆ. ಹಾಗೆಂದು ನನಗೂ ಗೊತ್ತು. ಆದರೂ ಕೆಲವು ಸಲ ಆ ಮರ್ಯಾದೆಯ ಮೇಲೆಯೇ ಸಿಟ್ಟು ಬರುತ್ತಿತ್ತು. ನನಗೆ ಆ ಮುದುಕರೆಂದರೆ ಪ್ರೀತಿ. ಅವರಿಗೂ ನನ್ನ ಮೇಲೆ ಅಕ್ಕರೆ ಇದೆಯೇ ಎಂದು ಅವರ ಬಾಯಿಂದಲೇ ತಿಳಿಯಬೇಕೆಂಬ ಆಸೆ ನನ್ನೊಳಗೆ ಬಹಳ ದಿನಗಳಿಂದ ಇತ್ತು.

ಈ ಕಟ್ಟೆ ತಪ್ಪಿಸಲು ನಾನು ಹಳ್ಳದಿಂದಲೇ ಅಡ್ಡ ಹೊರಳಿ, ತೊಗರಿ ಹೊಲಗಳ ಬದುವಿನ ಮೇಲೆ ಊರು ಸುತ್ತಿ ಹೋಗುತ್ತಿದ್ದೆ. ದಸರೆ ಮುಗಿದ ಮೇಲಿನ ಒಂದು ಭಾನುವಾರ ಹಿಂದಿನ ದಿನದ ಮಳೆಯನ್ನು ಲೆಕ್ಕಿಸದೆ ಅದೇ ಹಾದಿ ಹಿಡಿದೆ. ಎರೆ ನೆಲದಲ್ಲಿ ಹುಟ್ಟಿ ಬೆಳೆದವಳು ಮಾಡುವ ಕೆಲಸವಲ್ಲ ಅದು. ನಾಲ್ಕು ಸುತ್ತಿಗೇ ಚಕ್ರಗಳು ಮಣ್ಣು ತುಂಬಿಕೊಂಡು ನಿಂತುಬಿಟ್ಟವು. ಇಳಿದರೆ ಬೂಟು ಹೂತುಹೋಯಿತು. ಸೈಕಲ್ಲನ್ನು ಹೆಗಲಿಗೇರಿಸಿ, ಎರಡು ಸಲ ಬಿದ್ದು, ಗಟ್ಟಿ ನೆಲ ಹುಡುಕುತ್ತ ಬಂದರೆ ಆ ಹಾದಿ ನನ್ನನ್ನು ತಂದು ನಿಲ್ಲಿಸಿದ್ದು ಅಗಸಿಯ ಮುಂದೆಯೇ.

ಪ್ಯಾಂಟು, ಹೆಲ್ಮೆಟ್ಟು, ಕಪ್ಪು ಕನ್ನಡಕ, ಅಡಿಯಿಂದ ಮುಡಿಯವರೆಗೆ ಕೆಸರು. ಕಟ್ಟೆಯ ಹಿರಿಯರಿಗೆ ನಾನು ಗಂಡಸಾಗಿ ಕಂಡೆ. "ಯಾವೂರು ತಮ್ಮಾ ನಿಂದು?" ಎಂದರು ಒಬ್ಬರು. ದನಿ ತೆಗೆದರೆ ಕೆಟ್ಟೆ ಎಂದುಕೊಂಡು ಕತ್ತು ಅಲ್ಲಾಡಿಸಿದೆ. "ಪಾಪ, ಮೂಕ ಅದಾನ. ನೀರು ಕೊಡ್ರಿ ಅವಂಗ," ಎಂದರು ಇನ್ನೊಬ್ಬರು. ಮಾವ ನನ್ನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೂತಲ್ಲೇ ಹೊರಳಿ ಅಗಸಿಯ ಗೋಡೆಗೆ ಮುಖ ಮಾಡಿದರು. ಗುರುತು ಹಿಡಿದರೆಂದು ನನಗೆ ಗೊತ್ತಾಯಿತು. ಪರವೂರಿನ ಮೂಕನಿಗಾಗಿ ಅವರು ಗೋಡೆ ನೋಡುವವರಲ್ಲ. ಉಳಿದವರು ಅವರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ತಾವೂ ಗೋಡೆಯ ಕಡೆ ತಿರುಗಿದರು.

ಮನೆಯಲ್ಲಿ ಅತ್ತೆ ನಕ್ಕು ಸುಸ್ತಾದರು. ಸೆರಗಿಲ್ಲದೆ ಬಂದದ್ದಕ್ಕೆ ಬೈಯುತ್ತಾರೆಂದು ನಾನು ಕಾದರೆ ಹೆಲ್ಮೆಟ್ಟನ್ನು ಬೆರಳಿನಿಂದ ಕುಟ್ಟಿ ನೋಡಿ, "ತಲಿ ಮ್ಯಾಲ ಏನರೆ ಅದಲ್ಲ, ಸಾಕು ಬಿಡು," ಎಂದರು. ಅಲ್ಲಿಂದ ಮುಂದೆ ಭಾನುವಾರಗಳಿಗೆ ಹೊಸ ರೂಢಿಯೇ ಬಂತು. ಹಳ್ಳ ದಾಟುವಾಗ ನಾನು ಗಂಟೆ ಬಾರಿಸಬೇಕು. ಕಟ್ಟೆಯವರೆಲ್ಲ ಗೋಡೆಗೆ ಮುಖ ಮಾಡಬೇಕು. ನಾನು ಇಳಿದು, ಸೈಕಲ್ ದೂಡಿಕೊಂಡು, ಬೂಟು ಟಕಟಕ ಎನಿಸುತ್ತ ಅಗಸಿ ದಾಟಬೇಕು. ಯಾರಿಗೂ ಅವಮಾನವಿಲ್ಲ. ನನಗೆ ಮಾತ್ರ ಅಷ್ಟು ಸಾಲದು. ಆ ಏರನ್ನು ಸೈಕಲ್ ಮೇಲೆಯೇ ಹತ್ತಬಲ್ಲೆ ಎಂದು ನನಗೆ ಗೊತ್ತಿತ್ತು. ಅದನ್ನು ಯಾರು ನೋಡಲಿ ಎಂದು ಆಸೆಪಡುತ್ತಿದ್ದೆನೋ ಅವರು ಗೋಡೆ ನೋಡುತ್ತ ಕೂತಿರುತ್ತಿದ್ದರು.

ಹೋದ ಮಾಗಿಯಲ್ಲಿ, ಜೋಳ ಹಾಲುಗಾಳಾದ ದಿನಗಳಲ್ಲಿ, ಅತ್ತೆ ನಾದಿನಿಯ ಮನೆಗೆಂದು ಜೇವರ್ಗಿಗೆ ಹೋಗಿದ್ದರು. ಆ ಭಾನುವಾರವೂ ನಾನು ಹಳ್ಳದಲ್ಲಿ ಗಂಟೆ ಬಾರಿಸಿ ಇಳಿದು, ಸೈಕಲ್ ದೂಡುತ್ತ ಏರಿಗೆ ಬಂದೆ. ತಲೆ ಎತ್ತಿದರೆ ಉಳಿದವರೆಲ್ಲ ಗೋಡೆಯ ಕಡೆ ಇದ್ದಾರೆ, ಮಾವ ಮಾತ್ರ ದಾರಿಯ ಕಡೆ ಇದ್ದಾರೆ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಬಾರಿಸಿದೆ. ಅವರು ಅಲ್ಲಾಡಲಿಲ್ಲ. ಪಕ್ಕದವರಿಗೆ ಹೇಳುವುದು ಕೇಳಿಸಿತು, "ಇಳೀಬ್ಯಾಡಂತ ಹೇಳು ಆಕಿಗಿ."

ಪಕ್ಕದ ಹಿರಿಯರು ಗೋಡೆಗೇ ಉತ್ತರ ಕೊಟ್ಟರು. "ನಾ ಈ ಕಡೆ ಮಾರಿ ಮಾಡೇನಿ. ಆಕಿ ಇಳದಾಳೋ ಹತ್ಯಾಳೋ ನನಗೇನು ಗೊತ್ತು? ನಿನ್ನ ಸೊಸಿ, ನೀನೇ ಹೇಳು."

ಹೇಳಲು ಅತ್ತೆ ಇರಲಿಲ್ಲ. ಮಾವ ಒಮ್ಮೆ ಕೆಮ್ಮಿದರು. ಆಮೇಲೆ ನನಗೇ ಹೇಳಿದರು.

"ಇಳೀಬ್ಯಾಡವಾ. ವಾರಾ ವಾರಾ ದೂಡಿಕೋತ ಬರ್ತಿ. ಬೂಟಿನ ಸಪ್ಪಳ ಕೇಳಿ ಕೇಳಿ ಸಾಕಾಗ್ಯಾದ. ಹತ್ತಿ ಬಾ, ನೋಡ್ತೇನಿ."

ಹಳ್ಳದವರೆಗೆ ಹಿಂದೆ ಹೋಗಿ, ಗೇರ್ ಇಳಿಸಿ, ಹತ್ತಿದೆ. ಅರ್ಧ ಏರಿಗೆ ಹಿಂದಿನ ಚಕ್ರ ಗರಸಿನಲ್ಲಿ ಜಾರಿ ಕಾಲು ಊರಿಬಿಟ್ಟೆ. ಮಾನ ಹೋಯಿತೆಂದುಕೊಂಡೆ. "ಮತ್ತ ಬಾ," ಎಂದರು ಮಾವ, ನೊಗ ಕಟ್ಟಿದ ಹೋರಿಗೆ ಹೇಳುವ ಅದೇ ತಾಳ್ಮೆಯಲ್ಲಿ. ಎರಡನೇ ಸಲ ಸೀಟಿನಿಂದ ಏಳದೆ, ಉಸಿರು ಹಿಡಿದು ತುಳಿದೆ. ಏರು ಮುಗಿದು ಕಟ್ಟೆಯ ಮುಂದೆ ಬಂದು ನಿಂತಾಗ, ಏದುಸಿರಿನಲ್ಲಿ ತಲೆ ತಗ್ಗಿಸುವುದೂ ಮರೆತು ಮಾವನ ಮುಖ ನೋಡಿದೆ.

ಅಷ್ಟು ಹತ್ತಿರದಿಂದ ಆ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಎಡಗಣ್ಣಿನ ಪಾಪೆ ಹಾಲು ಬಿದ್ದ ಹಾಗೆ ಬೆಳ್ಳಗಾಗಿತ್ತು.

"ಮಾವ, ಈ ಕಣ್ಣು ಕಾಣತದೇನ್ರಿ?" ಎಂದು ಕೇಳಿಬಿಟ್ಟೆ. ನಾನು ಅವರಿಗೆ ಆಡಿದ ಮೊದಲ ಮಾತು ಅದು.

"ಅದು ಕಾಣೋದು ಬಿಟ್ಟು ಭಾಳ ದಿನಾ ಆತು. ನಿನ್ನ ಇನ್ನೊಂದರಲೆ ನೋಡ್ದೆ. ಚಲೋ ಹತ್ತಿದಿ."

"ಯಾರಿಗೂ ಹೇಳಿಲ್ಲೇನ್ರಿ?"

"ಯಾರು ಕೇಳ್ಯಾರ?"

ಯಾರೂ ಕೇಳಿರಲಿಲ್ಲ. ಮಕ್ಕಳು ತಂದೆಯ ಕಾಲು ನೋಡಿ ಮಾತಾಡುತ್ತಾರೆ. ಸೊಸೆಯಂದಿರು ನೆಲ ನೋಡುತ್ತೇವೆ. ಅತ್ತೆಯ ಕಣ್ಣೇ ಮಂಜು. ಮರ್ಯಾದೆ ಕೊಟ್ಟು ಕೊಟ್ಟು ಇಡೀ ಮನೆ ಸೇರಿ ಆ ಮುದುಕರ ಮುಖವನ್ನೇ ನೋಡಿರಲಿಲ್ಲ. ನನಗೆ ಅಳು ಬಂತು, ಬೆವರು ಒರೆಸುವ ನೆಪದಲ್ಲಿ ಒರೆಸಿಕೊಂಡೆ.

"ನಾಳಿಗೆ ಕಲಬುರಗಿಗಿ ಹೋಗೋಣ್ರಿ, ಕಣ್ಣು ತೋರ್ಸಾಕ. ನಾ ರಜಾ ಹಾಕ್ತೇನಿ," ಎಂದೆ.

ಮಾವ ಗೋಡೆಯ ಕಡೆ ತಿರುಗಿದ್ದ ಗೆಳೆಯರನ್ನು ಒಮ್ಮೆ ನೋಡಿದರು. ಆಮೇಲೆ ಕಟ್ಟೆಯಿಂದ ನನ್ನ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದರು.

"ಆಯ್ತು, ಬರ್ತೇನಿ. ಆದ್ರ ನಿಮ್ಮ ಅತ್ತಿಗಿ ನೀನೇ ಹೇಳು. ನಾ ಹೇಳಿದ್ರ ಆಕಿ ಬೈತಾಳ."