ದುರ್ಗಯ್ಯ ಯಾವ ಊರಿನವನು?

ಅರಳಗುಪ್ಪೆಯ ಗಂಗಾಧರಯ್ಯನವರ ಹಿತ್ತಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹೊರಳಿಸಿ, ಸಣ್ಣತಿಮ್ಮಯ್ಯ ಮಟ್ಟೆ ಬಿಡಿಸಿ ಎಸೆಯುತ್ತಿದ್ದಾರೆ. ಸುಲಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಗಡಗಡ ಅಂದರೆ ಬಲಗಡೆಯ ರಾಶಿಗೆ, ಸುಮ್ಮನಿದ್ದರೆ ಎಡಗಡೆಗೆ. ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತಿದೆ, ಬಾಯಿ ಅದರ ಪಾಡಿಗೆ ಅದು ಬೈಯುತ್ತಿದೆ. ಬೈಸಿಕೊಳ್ಳುತ್ತಿರುವವರು ಅವರ ತಂದೆ ದುರ್ಗಯ್ಯ. ಆ ಪುಣ್ಯಾತ್ಮ ತೀರಿಕೊಂಡು ನಾಲ್ಕು ವರ್ಷವಾಗಿದೆ.

“ಸತ್ತೋರ್ನ ಬೈಬಾರ್ದು ಅಂತಾರೆ ಸಾರ್. ಬದುಕಿದ್ದಾಗ ಕೈಗೇ ಸಿಕ್ತಿರ್ಲಿಲ್ಲ. ಈಗ್ಲೂ ಬೈದೆ ಇದ್ರೆ ಇನ್ ಯಾವಾಗ ಬೈಯೋದು?”

ನಾನು ಇಲ್ಲಿಗೆ ಬಂದದ್ದು ಬೈಗುಳ ಕೇಳುವುದಕ್ಕಲ್ಲ. ತಿಪಟೂರಿನ ಕೊಬ್ಬರಿ ಹರಾಜಿನ ಸುದ್ದಿ ವಾರವಾರವೂ ಪತ್ರಿಕೆಯಲ್ಲಿ ಬರುತ್ತದೆ, ಆ ಕೊಬ್ಬರಿಯನ್ನು ಸುಲಿದವನ ಮುಖ ಯಾರೂ ನೋಡಿಲ್ಲ, ಹೋಗಿ ಬರೆದುಕೊಂಡು ಬನ್ನಿ ಎಂದು ಪುರವಣಿಯ ಸಂಪಾದಕರು ಅಟ್ಟಿದ್ದಾರೆ. ದಿನಕ್ಕೆಷ್ಟು ಕಾಯಿ, ಕಷ್ಟ ಏನು, ಸುಖ ಏನು ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಐದೇ ನಿಮಿಷದಲ್ಲಿ ಸಿಕ್ಕಿತು. ಮೈ ನೆಟ್ಟಗಿದ್ದ ದಿನ ಸಾವಿರ ಕಾಯಿ. ಎಡಗೈ ಹೆಬ್ಬೆರಳು ಬಗ್ಗುವುದಿಲ್ಲ. ಸೊಂಟದ ಮಾತು ಎತ್ತಬಾರದು. ಮಿಕ್ಕ ಹೊತ್ತೆಲ್ಲ ಅಪ್ಪನ ಪುರಾಣ. ಬೇಡವೆಂದರೂ ಬಿಡುವುದಿಲ್ಲ, ಬರೆದುಕೊಳ್ಳದಿದ್ದರೆ ‘ಯಾಕೆ ನಿಲ್ಲಿಸಿದ್ರಿ’ ಎಂದು ಕೇಳುತ್ತಾರೆ.

ಸಣ್ಣತಿಮ್ಮಯ್ಯನವರ ಸಿಟ್ಟಿಗೆ ಕಾರಣವಿದೆ. ಅವರ ಮಗಳು ಚಿಕ್ಕಗೌರಮ್ಮನನ್ನು ಅಮ್ಮಸಂದ್ರದ ಮಾಯಣ್ಣನವರ ಮಗನಿಗೆ ಕೇಳಿದ್ದಾರೆ. ಹುಡುಗ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಒಳ್ಳೆಯವನು. ಹುಡುಗಿಗೂ ಒಪ್ಪಿಗೆ. ಆದರೆ ಮಾಯಣ್ಣನವರದು ದುರ್ಗಮ್ಮನ ಒಕ್ಕಲು. ಒಂದೇ ಮನೆದೇವರ ಒಕ್ಕಲಿನವರು ಅಣ್ಣತಮ್ಮಂದಿರಾಗುತ್ತಾರೆ, ಅವರಲ್ಲಿ ಹೆಣ್ಣು ಕೊಟ್ಟು ತರುವ ಹಾಗಿಲ್ಲ. ‘ನಿಮ್ಮ ಮನೆದೇವರು ಯಾರು?’ ಎಂದು ಮಾಯಣ್ಣ ಕೇಳಿದಾಗ ಸಣ್ಣತಿಮ್ಮಯ್ಯ ತಬ್ಬಿಬ್ಬಾದರು. ಮನೆಯಲ್ಲಿ ದೀಪ ಹಚ್ಚುವುದು ಕರಿಯಮ್ಮನಿಗೆ, ನಿಜ. ಆದರೆ ಕರಿಯಮ್ಮ ತಾಯಿ ಲಕ್ಷ್ಮಕ್ಕನ ತವರಿನ ದೇವರು. ದುರ್ಗಯ್ಯ ಬಿಳಿಗೆರೆಗೆ ಮನೆಅಳಿಯನಾಗಿ ಸೇರಿಕೊಂಡವರು. ಅವರ ಮೂಲ ಊರು, ಮೂಲ ದೇವರು ಯಾವುದು? ಮಾಯಣ್ಣ ಬೆರಳಿಟ್ಟು ತೋರಿಸಿದ್ದು ಹೆಸರನ್ನು. ಹುಟ್ಟಿದ ಮಗುವಿಗೆ ಮನೆದೇವರ ಹೆಸರಿಡುವುದು ಇಲ್ಲಿನ ಪದ್ಧತಿ. ದುರ್ಗಯ್ಯ ಅಂದರೆ ದುರ್ಗಮ್ಮನ ಒಕ್ಕಲು ಅಲ್ಲದೆ ಇನ್ನೇನು?

ಅಪ್ಪ ಬೇರೆ ದೇವರ ಒಕ್ಕಲು ಎಂದು ತೋರಿಸಿಕೊಟ್ಟರೆ ಮದುವೆ, ಇಲ್ಲದಿದ್ದರೆ ಇಲ್ಲ. ಸಣ್ಣತಿಮ್ಮಯ್ಯ ಅಂದಿನಿಂದ ಅಪ್ಪ ಕಾಯಿ ಸುಲಿದ ಊರುಗಳಲ್ಲೆಲ್ಲ ವಿಚಾರಿಸುತ್ತಿದ್ದಾರೆ. ಇವರೂ ಅದೇ ಊರುಗಳಲ್ಲಿ ಸುಲಿಯುವವರಾದ್ದರಿಂದ ಕೆಲಸಕ್ಕೆ ಕೆಲಸವೂ ಆಯಿತು, ಹುಡುಕಾಟಕ್ಕೆ ಹುಡುಕಾಟವೂ ಆಯಿತು.

ಗಂಗಾಧರಯ್ಯನವರಿಗೆ ಎಪ್ಪತ್ತು ದಾಟಿದೆ. ಕಾಫಿ ಲೋಟ ಹಿಡಿದು ಬಂದವರನ್ನು ನಾನೇ ಕೇಳಿದೆ. ಅವರಿಗೆ ಅನುಮಾನವೇ ಇಲ್ಲ. ದುರ್ಗಯ್ಯನ ತಾತ ಅರಳಗುಪ್ಪೆಯವನೇ, ಕೆರೆಯ ಹಿಂದಿನ ಪಾಳುಗೋಡೆ ಅವರದೇ ಮನೆ, ಸ್ವತಃ ದುರ್ಗಯ್ಯನೇ ತಮ್ಮ ತಂದೆಯವರಿಗೆ ಹೇಳಿದ್ದು ಎಂದರು. ಸಣ್ಣತಿಮ್ಮಯ್ಯ ಅಷ್ಟರಲ್ಲಿ ಹಣೆ ಹಣೆ ಚಚ್ಚಿಕೊಂಡರು. ಹಿಂದಿನ ವಾರ ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ ತಿಮ್ಮಕ್ಕ ಎಂಬ ಮುದುಕಿ ಅವರನ್ನು ಕೈಹಿಡಿದು ಕರೆದುಕೊಂಡು ಹೋಗಿ, ‘ನಿಮ್ಮಪ್ಪ ನಮ್ಮೂರೋನು ಕಣ್ಲಾ’ ಎಂದು ಅಲ್ಲೊಂದು ಪಾಳುಗೋಡೆ ತೋರಿಸಿದ್ದಳಂತೆ. ಚಿಕ್ಕನಾಯಕನಹಳ್ಳಿ ಕಡೆಯೂ ಒಂದು ಗೋಡೆ ಇದೆ. ಒಬ್ಬ ಮನುಷ್ಯನಿಗೆ ಮೂರು ತಾಲ್ಲೂಕಿನಲ್ಲಿ ಪಾಳುಮನೆ, ಇರುವುದಕ್ಕೆ ಮಾತ್ರ ಮಾವನ ಮನೆ!

ಮಕ್ಕಳ ಹೆಸರಿನಿಂದಲಾದರೂ ಗೊತ್ತಾಗಬೇಕಲ್ಲ ಎಂದೆ. ಅದೂ ಕೆಟ್ಟಿದೆ. ಅಕ್ಕ ಹುಟ್ಟಿದಾಗ ದುರ್ಗಯ್ಯ ಸುಲಿಯುತ್ತಿದ್ದ ಊರಿನ ದೇವರು ರಂಗಪ್ಪ, ಅವಳು ರಂಗಕ್ಕನಾದಳು. ಇವರು ಹುಟ್ಟಿದ ವರ್ಷ ಅಪ್ಪ ತಿಮ್ಮಪ್ಪನ ಊರಲ್ಲಿದ್ದರು, ಇವರು ಸಣ್ಣತಿಮ್ಮಯ್ಯ. ಹೋದ ಊರಿನವರೆಲ್ಲ ‘ನೋಡು, ನಮ್ಮ ದೇವರ ಹೆಸರಿಟ್ಟಿದ್ದಾನೆ, ನಮ್ಮೋನೇ’ ಎಂದು ಖುಷಿಪಟ್ಟಿದ್ದಾರೆ.

“ನದಿಮೂಲ ಋಷಿಮೂಲ ಕೇಳ್ಬಾರ್ದು ಅಂತಾರಲ್ಲ ಸಾರ್, ನಮ್ಮಪ್ಪ ನದಿನೂ ಅಲ್ಲ, ಋಷಿನೂ ಅಲ್ಲ. ಕಾಯಿ ಸುಲಿಯೋನು. ಅವನಿಗ್ಯಾಕೆ ಬೇಕಿತ್ತು ಇದೆಲ್ಲ?” ಎನ್ನುತ್ತಾರೆ. ಈ ಮಾತು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು, ಅದನ್ನೂ ಮಟ್ಟೆಯ ದೂಳಿನ ಮೇಲೆ ಹಾಕಿದರು.

ಇಷ್ಟೊಂದು ಸುಳ್ಳು ಯಾಕೆ ಎನ್ನುವುದು ಗಂಗಾಧರಯ್ಯನವರ ಮನೆಯ ಅಟ್ಟ ನೋಡಿದ ಮೇಲೆ ನನಗೆ ಅರ್ಧ ಅರ್ಥವಾಯಿತು. ಕೆಡವಿದ ಕಾಯಿಯನ್ನು ಹೆಚ್ಚು ಕಡಿಮೆ ಒಂದು ವರ್ಷ ಮನೆಯೊಳಗಿನ ಅಟ್ಟದ ಮೇಲೆ ಬಿಡುತ್ತಾರೆ. ನೀರು ಬತ್ತಿ, ಕೆಳಗಿನ ಒಲೆಯ ಶಾಖಕ್ಕೆ ಒಣಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಅದನ್ನು ಇಳಿಸಲು ಸುಲಿಯುವವನೇ ಅಡುಗೆಮನೆ, ದೇವರಮನೆ ಎಲ್ಲ ದಾಟಿ ಮೇಲೆ ಹತ್ತಬೇಕು. ಮನೆಯ ವರ್ಷದ ಗಂಜಿ ಇರುವ ಜಾಗ. ಅಲ್ಲಿಗೆ ಕಂಡವರನ್ನು ಯಾರೂ ಬಿಡುವುದಿಲ್ಲ. ನಮ್ಮವನು ಅನ್ನಿಸಿಕೊಂಡರೆ ಮಾತ್ರ ಏಣಿ ಹಾಕುತ್ತಾರೆ.

ಉಳಿದರ್ಧ ಗೊತ್ತಾದದ್ದು ಬಿಳಿಗೆರೆಯ ಸಣ್ಣತಿಮ್ಮಯ್ಯನವರ ಮನೆಯಲ್ಲಿ. ಫೋಟೋಗ್ರಾಫರನ್ನು ಕರೆದುಕೊಂಡು ನಾನು ಮತ್ತೊಮ್ಮೆ ಹೋದ ದಿನ ಮಾಯಣ್ಣನವರೂ ಬಂದಿದ್ದರು. ಅವರದು ಮೆತ್ತಗಿನ ದನಿ, ಎದುರಿಗಿದ್ದವರನ್ನು ನೋಯಿಸಲಾರದ ಮನುಷ್ಯ. ಜಗಲಿಯ ಮೇಲೆ ಕೂತು, ಹುಡುಗಿ ಬಂಗಾರದಂಥವಳು, ಆದರೆ ಊರೂರಿಗೂ ಒಂದೊಂದು ದೇವರಾದರೆ ನಂಬುವುದು ಯಾವುದನ್ನು, ಹೆಸರಂತೂ ಸುಳ್ಳಾಡುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ ಮುಗಿಸಿದರು. ಸಣ್ಣತಿಮ್ಮಯ್ಯ ತಲೆ ತಗ್ಗಿಸಿ ಕೂತಿದ್ದರು. ಬಾಗಿಲ ಹಿಂದೆ ಚಿಕ್ಕಗೌರಮ್ಮ ಮೂಗೆಳೆಯುವುದು ನಮಗೆಲ್ಲ ಕೇಳಿಸಿತು.

ಆಗ ಒಳಗಿಂದ ಲಕ್ಷ್ಮಕ್ಕ ಹೊರಗೆ ಬಂದರು. ಎಂಬತ್ತರ ಹತ್ತಿರದ ಜೀವ, ಗೋಡೆ ಹಿಡಿದೇ ನಡೆಯಬೇಕು. ಬಂದವರು ಮಾಯಣ್ಣನವರನ್ನು ‘ಬೀಗ್ರೆ’ ಎಂದೇ ಕರೆದರು.

“ಬೀಗ್ರೆ, ಅದು ದೇವ್ರ ಹೆಸ್ರಲ್ಲ. ಊರಿನ ಹೆಸ್ರು. ಪ್ಲೇಗ್ ಬಂದಿತ್ತಲ್ಲ, ಆಗ ನಮ್ಮತ್ತೆ ಮಗೀನ್ ಕಂಕ್ಳಗಿಟ್ಕಂಡು ದುರ್ಗದ ಕಡೆಯಿಂದ ನಡ್ಕಂಡು ಬಂದ್ರು, ಚಿತ್ರದುರ್ಗದ ಕಡೆಯಿಂದ. ನಮ್ಮಪ್ಪ ಕೊಟ್ಟಿಗೇಲಿ ಜಾಗ ಕೊಟ್ಟ. ನಮ್ಮತ್ತೆ ವರ್ಷ ತುಂಬೋದ್ರೊಳ್ಗೆ ಹೋಗ್ಬುಟ್ರು. ‘ದುರ್ಗದೋನು, ದುರ್ಗದೋನು’ ಅಂತ ಕರೆದೂ ಕರೆದೂ ಅವ್ರು ದುರ್ಗಯ್ಯ ಆದ್ರು. ಹೆತ್ತೋರಿಟ್ಟ ಹೆಸ್ರು ಅವ್ರಿಗೇ ಗೊತ್ತಿರ್ಲಿಲ್ಲ.”

ಪ್ಲೇಗಿನ ಊರಿನಿಂದ ಬಂದವನೆಂದರೆ ಆ ಕಾಲದಲ್ಲಿ ಹೊಸ್ತಿಲ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ, ಅಟ್ಟವಂತೂ ದೂರದ ಮಾತು. ಅದಕ್ಕೇ ದುರ್ಗಯ್ಯ ಹೋದ ಊರನ್ನೆಲ್ಲ ತಮ್ಮದು ಮಾಡಿಕೊಂಡರು, ಪ್ಲೇಗು ಹೋದರೂ ಅಭ್ಯಾಸ ಹೋಗಲಿಲ್ಲ ಎಂದು ಲಕ್ಷ್ಮಕ್ಕ ಹೇಳಿದರು. ಮೂಲದ ದೇವರು ಯಾರೆಂದು ತಿಳಿಯದ್ದರಿಂದ, ಲಕ್ಷ್ಮಕ್ಕನ ಅಪ್ಪ ಮಗಳನ್ನು ಧಾರೆ ಎರೆದ ಮೇಲೆ ಅಳಿಯನನ್ನು ಕರಿಯಮ್ಮನ ಗುಡಿಗೆ ಕರೆದೊಯ್ದು ಪೂಜಾರಿಯ ಎದುರು ಹಣ್ಣುಕಾಯಿ ಮಾಡಿಸಿ, ‘ಇವನು ಇನ್ನು ನಿನ್ನ ಒಕ್ಕಲು’ ಎಂದು ಒಪ್ಪಿಸಿದರಂತೆ. ಮಾಯಣ್ಣ ಗುಡಿಯ ಕಡೆ ತಿರುಗಿ ಕೈಮುಗಿದರು. ಅಮ್ಮನೇ ಒಪ್ಪಿಕೊಂಡ ಮೇಲೆ ನಾನು ಯಾರು ಬೇಡ ಅನ್ನೋಕೆ, ಮಂಗಳವಾರ ಬಂದು ಎಲೆಅಡಿಕೆ ಇಸಕೊಳ್ಳುತ್ತೇನೆ ಎಂದರು.

ಮಾಯಣ್ಣ ಬಸ್ಸಿಗೆ ಹೋದದ್ದೇ ತಡ, ಸಣ್ಣತಿಮ್ಮಯ್ಯ ತಾಯಿಯ ಮೇಲೆ ಹರಿಹಾಯ್ದರು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ, ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೂಗಾಡಿದರು. ನೀನು ಮೂರು ತಾಲ್ಲೂಕು ಕೇಳಿದೆ, ನನ್ನನ್ನು ಕೇಳಿದೆಯಾ ಎಂದು ಮುದುಕಿ ತಿರುಗಿ ಕೇಳಿದರು. ನಿಜ, ಕೇಳಿರಲಿಲ್ಲ. ಗಂಡನ ವಂಶ ಹೆಂಗಸರಿಗೇನು ಗೊತ್ತು ಎಂದು ಸಣ್ಣತಿಮ್ಮಯ್ಯನವರೂ ಅಂದುಕೊಂಡಿದ್ದರು, ಹೇಳಬೇಕೆಂದರೆ ನಾನೂ ಅಂದುಕೊಂಡಿದ್ದೆ.

“ಸರಿ, ಅಪ್ಪ ಊರಿಗೆಲ್ಲ ಸುಳ್ಳೇಳ್ಲಿ. ಹೆತ್ತ ಮಗ ನಾನು, ನಂಗೊಂದ್ ಮಾತು ಹೇಳ್ಬೌದಿತ್ತಲ್ಲವ್ವ.”

ಲಕ್ಷ್ಮಕ್ಕನ ಸಿಟ್ಟೂ ಅಷ್ಟರಲ್ಲಿ ಇಳಿದಿತ್ತು. “ಹೇಳಿದ್ರೆ ನೀನೂ ದುರ್ಗದೋನಾಗ್ತಿದ್ದೆ ಕಣಪ್ಪ. ನಿಮ್ಮಪ್ಪ ಜೀವ ಇರೋಗಂಟ ಹೆದರ್ಕಂಡೇ ಏಣಿ ಹತ್ತಿದ್ರು. ನನ್ ಮಗ ಬಿಳಿಗೆರೆಯೋನು, ಅವ್ನು ಹೆದರ್ದೆ ಹತ್ಲಿ, ಬುಡು ಅಂದ್ರು.”

ಫೋಟೋ ತೆಗೆಸಿಕೊಳ್ಳಲು ಬೇರೆ ಅಂಗಿ ಹಾಕಿಕೊಳ್ಳಿ ಎಂದರೆ ಸಣ್ಣತಿಮ್ಮಯ್ಯ ಏಳಲಿಲ್ಲ. ನಾವು ಹೊರಟು ನಿಂತಾಗ ಬೇಲಿಯ ತನಕ ಬಂದು, ಪೇಪರ್‌ನಲ್ಲಿ ನನ್ನ ಹೆಸರಿನ ಜೊತೆಗೆ ಅಪ್ಪನ ಹೆಸರೂ ಬರುತ್ತದಾ ಎಂದು ಕೇಳಿದರು. ಖಂಡಿತ ಹಾಕುತ್ತೇನೆ, ಊರು ಏನೆಂದು ಬರೆಯಲಿ ಎಂದೆ.

“ಬಿಳಿಗೆರೆ ದುರ್ಗಯ್ಯ ಅಂತ್ಲೇ ಹಾಕ್ರಿ ಸಾರ್. ಅಷ್ಟೂರಲ್ಲಿ ಸುಳ್ಳೇಳವ್ನೆ. ಒಂದೂರಾದ್ರೂ ಅವುಂದಾಗ್ಲಿ.”