ಕರಡಿ ಏಳುವ ತನಕ

ಹಳೆಯ ತಗಡಿನ ಟ್ರಂಕಿನಲ್ಲಿ ಯಾವುದೋ ಕಾಗದ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ನಾಲ್ಕು ಮಡಿಕೆ ಹಾಕಿದ ಬಿಳಿ ಬಟ್ಟೆ. ಬಿಡಿಸುವ ಮೊದಲೇ ಲವಂಗದ ವಾಸನೆ ಬಂತು... ಇಷ್ಟು ವರ್ಷಗಳ ಮೇಲೆ ವಾಸನೆ ಉಳಿದಿರುವುದು ಸಾಧ್ಯವಿಲ್ಲ, ಅದು ನನಗೂ ಗೊತ್ತು. ಆದರೂ ಬಂತು. ಬಟ್ಟೆಯೊಳಗೆ ಒಂದು ಕಪ್ಪು ಫ್ಲಾಪಿ ಇತ್ತು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಪಾವ್ಣೇರು’ ಎಂದು ಬರೆದಿತ್ತು.

ಪಾವ್ಣೇರು ಅಂದರೆ ನಮ್ಮ ಕಡೆ ಮನೆಗೆ ಬಂದ ನೆಂಟರು, ಅತಿಥಿಗಳು. ಈ ಪಾವ್ಣೇರು ಮಾತ್ರ ಯಾರ ಮನೆಗೂ ಬಂದವರಲ್ಲ. ಒಂದು ಕಂಪ್ಯೂಟರ್ ಆಟದೊಳಗಿನ ದಾರಿಹೋಕ ಅವರು. ಅವರನ್ನು ನಡೆಸಿದವರು ಹುಕ್ಕೇರಿಯ ಕಾಕು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೂಡಲಗಿ ಬಾಜೂ ತುಕ್ಕಾನಟ್ಟಿಯಲ್ಲಿ ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ನಾನು ಕಂಪ್ಯೂಟರ್ ಕಲಿತು, ಕಲಿಸುವ ಕೆಲಸಕ್ಕೆಂದು ಹುಕ್ಕೇರಿಗೆ ಹೋಗಿದ್ದೆ. ಗೋಕಾಕದ ಒಬ್ಬರು ನಡೆಸುತ್ತಿದ್ದ ಕ್ಲಾಸಿನ ಶಾಖೆ ಅದು. ಒಂದು ಜೈನ ವ್ಯಾಪಾರಿ ಮನೆಯ ಮುಂದಿನ ಪಡಸಾಲೆಯಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ನಾನೊಬ್ಬಳೇ ಟೀಚರು. ಹಿಂದಿನ ಕೋಣೆಯಲ್ಲಿ ನನ್ನ ವಾಸ. ಆ ಮನೆಯ ಹಿರಿಯ ಹೆಂಗಸನ್ನು ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಮಧ್ಯಾಹ್ನ ಕ್ಲಾಸು ಇರುತ್ತಿರಲಿಲ್ಲ. ಆಗ ನಾನು ಕದ್ದು ಒಂದು ಆಟ ಆಡುತ್ತಿದ್ದೆ. ಯಾರೋ ಬೆಳಗಾವಿಯಿಂದ ತಂದುಕೊಟ್ಟ ಸಿ.ಡಿ. ಅದು. ಒಂದು ನದಿ ಬತ್ತಿಹೋಗಿದೆ. ಒಬ್ಬ ದಾರಿಹೋಕ ಸಮುದ್ರದ ದಂಡೆಯಿಂದ ಹೊರಟು, ಊರು ಕಾಡು ಬೆಟ್ಟಗಳನ್ನು ದಾಟಿ, ನದಿ ಹುಟ್ಟುವ ಜಾಗಕ್ಕೆ ಹೋಗಿ ನೀರು ಬಿಡಿಸಬೇಕು. ತಿಂಗಳುಗಟ್ಟಲೆ ಆಡುವ ಆಟ. ಆಡಿದಷ್ಟನ್ನು ಆ ಫ್ಲಾಪಿಯಲ್ಲಿ ಉಳಿಸಿ ದಿಂಬಿನ ಕೆಳಗೆ ಇಡುತ್ತಿದ್ದೆ, ಮಾಲೀಕರಿಗೆ ಗೊತ್ತಾಗಬಾರದೆಂದು.

ಒಂದು ದಿನ ಕಾಕು ಬಾಗಿಲಲ್ಲಿ ನಿಂತು ನೋಡಿದರು. ಬಾಯಲ್ಲಿ ಲವಂಗ. ನಾನು ಆಗ ಒಂದು ತೋಳವನ್ನು ಕಡಿಯುತ್ತಿದ್ದೆ. ಅವರು ಬೈಯಲಿಲ್ಲ. ಆ ಮನುಷ್ಯ ಎಲ್ಲಿಗೆ ಹೊರಟಿದ್ದಾನೆ ಎಂದು ಕೇಳಿದರು. ನೀರು ಹುಡುಕಲು ಅಂದೆ. ನೀರು ತರುವವನು ದಾರಿಯುದ್ದಕ್ಕೂ ರಕ್ತ ಯಾಕೆ ಚೆಲ್ಲಬೇಕು ಅಂದರು. ಆಟವೇ ಹಾಗೆ ಅಂದೆ. ಮರುದಿನ ಒಂದು ತೊಳೆದ ಬಿಳಿ ಬಟ್ಟೆ ತಂದು ನನ್ನ ಪಕ್ಕ ಕುಳಿತು, ಮೊದಲಿನಿಂದ ಶುರು ಮಾಡು, ನಾನು ನಡೆಸುತ್ತೇನೆ ಅಂದರು.

ಕುಡಿಯುವ ನೀರು ಸೋಸುವ ಬಟ್ಟೆಗಳ ಜೊತೆಯದು ಅದು. ಮಸಾಲೆ ಡಬ್ಬಿಗಳ ಕಪಾಟಿನಲ್ಲಿ ಇರುತ್ತಿತ್ತು. ಕೀಬೋರ್ಡಿಗೆ ಅದನ್ನು ಹೊದಿಸಿಡುವುದು, ಆಡುವ ಮೊದಲು ತೆಗೆದು ಮೆಲ್ಲಗೆ ಕೊಡವುವುದು, ಬಗ್ಗಿ ಗುಂಡಿಗಳ ಸಂದಿಯಲ್ಲಿ ನೋಡುವುದು. ಒಂದು ಇರುವೆ ಕಂಡರೆ ಅದು ತಾನಾಗಿ ಇಳಿದು ಹೋಗುವ ತನಕ ಪಾವ್ಣೇರ ಪ್ರಯಾಣ ಬಂದ್. ನನ್ನ ವಿದ್ಯಾರ್ಥಿಗಳೋ ಬಿಸ್ಕೀಟಿನ ಪುಡಿ ಉದುರಿಸಿ ಹೋಗುತ್ತಿದ್ದರು, ಇರುವೆಗಳಿಗೇನು ಬರ.

ಆಟದಲ್ಲಿ ಯೋಧ, ಬಿಲ್ಲುಗಾರ, ಗಿಡಮೂಲಿಕೆಯ ವೈದ್ಯ ಎಂದು ಮೂವರಲ್ಲಿ ಒಬ್ಬನನ್ನು ಆರಿಸಬೇಕಿತ್ತು. ಕಾಕು ವೈದ್ಯನನ್ನು ಆರಿಸಿದರು. ಹೆಸರು ಕೊಡಿ ಅಂದರೆ, ಊರೂರು ತಿರುಗುವವರು ಎಲ್ಲರಿಗೂ ಪಾವ್ಣೇರೇ ಅಲ್ಲವೇ ಅಂದರು. ಆವತ್ತಿನಿಂದ ಆ ಗೊಂಬೆಗೆ ಬಹುವಚನ. ಇಂಗ್ಲಿಷ್ ಓದುವುದು ನನ್ನ ಕೆಲಸ, ನಡೆಸುವುದು ಅವರದು. ಆಟದೊಳಗೆ ಸೂರ್ಯ ಇಳಿಯುವ ಮೊದಲು ಪಾವ್ಣೇರ ಊಟ ಆಗಬೇಕು. ಕತ್ತಲಲ್ಲಿ ಕಾಲ ಕೆಳಗೆ ಹುಳ ಕಾಣುವುದಿಲ್ಲವಾದ್ದರಿಂದ ನಡಿಗೆ ಇಲ್ಲ. ಗಡ್ಡೆ ಗೆಣಸು ತಿಂದರೆ ಶಕ್ತಿ ಬರುತ್ತದೆ ಎಂದು ಆಟ ಹೇಳಿದರೂ ತಿನ್ನುವಂತಿಲ್ಲ, ಬರೀ ಸೊಪ್ಪು, ಹಣ್ಣು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಕಾಕುವಿನ ಪಾವ್ಣೇರು ಆಡನ್ನೂ ಮೀರಿಸಿದರು. ತೋಳ ಬಂದರೆ ಓಡುವುದು, ಮರ ಹತ್ತುವುದು, ಅದು ಹೋಗುವ ತನಕ ಕೂಡುವುದು. ನಾನು ಒಂದು ವಾರದಲ್ಲಿ ದಾಟಿದ ಕಾಡನ್ನು ಅವರು ಎರಡು ತಿಂಗಳಲ್ಲಿ ದಾಟಿದರು, ಒಂದು ಜೀವವನ್ನೂ ಕೊಲ್ಲದೆ.

ನನಗೆ ಮೊದಮೊದಲು ನಗು. ಆಮೇಲೆ ಆ ಮಧ್ಯಾಹ್ನಗಳಿಗಾಗಿ ಕಾಯತೊಡಗಿದೆ... ಕಿಟಕಿಯ ಪರದೆ ಎಳೆದ ಪಡಸಾಲೆ, ಫ್ಯಾನಿನ ಸದ್ದು, ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಬೆಟ್ಟ, ಅದರ ಮೇಲೆ ಒಬ್ಬರೇ ನಡೆಯುತ್ತಿರುವ ಪಾವ್ಣೇರು. ಇವತ್ತಿಗೂ ಆ ಬೆಟ್ಟಗಳು ನನಗೆ ಕನಸಿನಲ್ಲಿ ಹುಕ್ಕೇರಿಯ ಆಚೆಗೇ ಬರುತ್ತವೆ, ಹಿಡಕಲ್ ಡ್ಯಾಮಿನ ನೀರು ದಾಟಿದರೆ ಅಲ್ಲೇ ಇವೆಯೇನೋ ಎಂಬಂತೆ.

ಬೇಸಿಗೆ ಮುಗಿಯುವ ಹೊತ್ತಿಗೆ ಪಾವ್ಣೇರು ಕೊನೆಯ ಊರಿಗೆ ಬಂದರು. ಊರಿನ ಮೇಲೆ ಒಂದು ಕಲ್ಲಿನ ಸೇತುವೆ, ಅದರಾಚೆ ನದಿಯ ಮೂಲ. ಸೇತುವೆಯ ನಟ್ಟನಡುವೆ ಒಂದು ದೊಡ್ಡ ಕರಡಿ ಮಲಗಿತ್ತು. ಹತ್ತಿರ ಹೋದರೆ ಎದ್ದು ಮೈಮೇಲೆ ಬರುತ್ತಿತ್ತು. ಕೊಲ್ಲಬೇಕು, ಇಲ್ಲವೇ ಜೇನು ಇಟ್ಟು ಬೇರೆ ಕಡೆ ಕರೆಯಬೇಕು ಎಂದು ಊರಿನ ಮುದುಕ ಹೇಳುತ್ತಿದ್ದ. ಜೇನು ಎಂದು ಓದಿದಾಗ ನನಗೆ ಖುಷಿಯೋ ಖುಷಿ. ಕಾಕು ತಲೆ ಅಲ್ಲಾಡಿಸಿದರು. ಜೇನು ಬೇಕೆಂದರೆ ಹುಟ್ಟಿಗೆ ಹೊಗೆ ಹಾಕಬೇಕು, ಒಂದು ಕರಡಿಯ ಬದಲು ಸಾವಿರ ಹುಳ ಸಾಯುತ್ತವೆ. ಅವರ ಮನೆಯಲ್ಲಿ ಜೇನುತುಪ್ಪ ಒಳಗೆ ಬಂದದ್ದೇ ಇಲ್ಲವಂತೆ.

ಹಾಗಾದರೆ ದಾರಿ ಏನು ಎಂದು ಕೇಳಿದೆ.

“ಅದು ನಿದ್ದಿ ಮಾಡಾಕತ್ತೇತಿ. ಎದ್ದಾಗ ತಾನ ಹೋಗತೈತಿ, ತಂಗಿ. ನಾವು ಕುಂಡ್ರೂಣು.”

ಅಷ್ಟರಲ್ಲಿ ಆಷಾಢ ಬಂತು, ಚಾತುರ್ಮಾಸ ಹಿಡಿಯಿತು. ಮಳೆಗಾಲದ ಆ ನಾಲ್ಕು ತಿಂಗಳು ಅವರ ಮುನಿಗಳು ಊರಿಂದೂರಿಗೆ ನಡೆಯುವುದಿಲ್ಲ, ಕಾಲ ಕೆಳಗೆ ಜೀವ ಸಾಯುತ್ತದೆಂದು ಒಂದೇ ಕಡೆ ಇರುತ್ತಾರೆ. ಅಡ್ಡಾಡುವವರಿಗೆಲ್ಲ ಆ ನೇಮ ಇದೆ, ಪಾವ್ಣೇರಿಗೂ ಇದೆ ಅಂದರು ಕಾಕು. ದೀಪಾವಳಿಯ ತನಕ ಅವರು ಆ ಊರು ಬಿಡುವಂತಿಲ್ಲ. ದಿನಾ ಬಟ್ಟೆ ತೆಗೆದು, ಇರುವೆ ನೋಡಿ, ಪಾವ್ಣೇರನ್ನು ಸೇತುವೆಯ ಈಚೆಯ ಕಲ್ಲಿನ ಹತ್ತಿರ ಕೂಡಿಸುತ್ತಿದ್ದರು. ಸ್ಪೀಕರಿನಿಂದ ಕರಡಿಯ ಗೊರಕೆ ಕೇಳುತ್ತಿತ್ತು. ಅದಕ್ಕೆ ಎಚ್ಚರವಾಗಬಾರದೆಂದು ಕಾಕು ನಮ್ಮ ಪಡಸಾಲೆಯಲ್ಲಿ ಪಿಸುಮಾತು ಆಡುತ್ತಿದ್ದರು. ಊರ ಬಾವಿಯ ಹತ್ತಿರ ಒಬ್ಬ ಹೆಂಗಸು ನಿಂತಿರುತ್ತಿದ್ದಳು. ಮಾತಾಡಿಸಿದರೆ ಪ್ರತಿ ಸಲವೂ ಮಳೆ ಬರಬಹುದು ಎಂಬ ಒಂದೇ ಮಾತು. ಕಾಕು ಪ್ರತಿ ಸಲವೂ, ಬರಲಿ ಬಿಡವಾ ಎಂದು ಉತ್ತರ ಕೊಡುತ್ತಿದ್ದರು.

ಶ್ರಾವಣದಲ್ಲಿ ನನಗೆ ಗೋಕಾಕಿನಿಂದ ಕಾಗದ ಬಂತು. ದೀಪಾವಳಿಯಾದ ವಾರಕ್ಕೆ ಹುಕ್ಕೇರಿಯ ಶಾಖೆ ಮುಚ್ಚಿ ಅಲ್ಲಿಗೆ ಬರಬೇಕು. ಕೇಳಿ ಕಾಕು ಕೀಬೋರ್ಡಿಗೆ ಬಟ್ಟೆ ಹೊದಿಸಿದರು.

“ನೀ ಹೋದರ ನನಗ ಓದಿ ಹೇಳಾವರ ಯಾರು? ಹೋಗೂದರಾಗ ಆ ನೀರ ಒಮ್ಮೆ ನೋಡಬೇಕ ನೋಡು.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ದೀಪಾವಳಿಯಾದ ಮೇಲೆ ಉಳಿಯುವುದು ಒಂದೇ ವಾರ. ಕರಡಿ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಟ ಮಾಡಿದವರಿಗೆ ಕಾಕುವಿನಂಥವರೂ ಒಬ್ಬರು ಆಡಬಹುದು ಎಂಬ ಕಲ್ಪನೆ ಎಲ್ಲಿಂದ ಬರಬೇಕು?

ಭಾದ್ರಪದದಲ್ಲಿ ಅವರ ದಶಲಕ್ಷಣ ಪರ್ವ ಬಂತು. ಆ ಹತ್ತು ದಿನ ಕಾಕು ಬಸದಿ, ಪೂಜೆ, ಒಪ್ಪತ್ತು ಎಂದು ಆಟದ ಕಡೆ ಸುಳಿಯಲಿಲ್ಲ. ನಾಲ್ಕನೆಯ ಮಧ್ಯಾಹ್ನ ನಾನೊಬ್ಬಳೇ ಕುಳಿತೆ. ಬಟ್ಟೆ ತೆಗೆದೆ, ಇರುವೆ ನೋಡಲಿಲ್ಲ. ಪಾವ್ಣೇರ ಚೀಲದ ಸೊಪ್ಪು ಮಾರಿ ಊರಿನ ಅಂಗಡಿಯಲ್ಲಿ ಕತ್ತಿ ಕೊಂಡೆ. ಎರಡು ಸಲ ಕರಡಿಯೇ ಗೆದ್ದಿತು. ಮೂರನೆಯ ಸಲ ಅದು ದೊಡ್ಡದಾಗಿ ಕೂಗಿ ಬಿದ್ದು, ಕರಗಿ ಹೋಯಿತು. ಕತ್ತಿ ಮರಳಿ ಮಾರಿ, ಸೊಪ್ಪು ಎಲ್ಲ ಮೊದಲಿನಂತೆ ತುಂಬಿಸಿ, ಫ್ಲಾಪಿಯಲ್ಲಿ ಉಳಿಸಿದೆ. ಹಳೆಯದರ ಮೇಲೆ ಹೊಸದು ಕೂತಿತು. ನಮ್ಮ ಮನೆಯಲ್ಲಿ ಕುರಿ ಕೊಯ್ಯುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು, ಕಣ್ಣು ಮಿಟುಕಿಸಿದವಳಲ್ಲ. ಆವತ್ತು ಮಾತ್ರ ಗೊರಕೆ ನಿಂತ ಸ್ಪೀಕರಿನ ಮುಂದೆ ಕೂರಲಾಗದೆ ಎದ್ದು ಅಂಗಳಕ್ಕೆ ಹೋದೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ. ಆವತ್ತು ಅವರು ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರ ಮುಂದೆ ಕೈಮುಗಿದು ಕ್ಷಮೆ ಕೇಳುತ್ತಾರೆ. ಕೇಳಿಸಿಕೊಂಡವರು ಮರಳಿ ಕೇಳಬೇಕು. ಕಾಕು ನನ್ನ ಕೋಣೆಗೆ ಬಂದರು.

“ಗೊತ್ತಿದ್ದೋ ಗೊತ್ತಿಲ್ಲದೋ ನನ್ನಿಂದ ತಪ್ಪಾಗಿದ್ದರ ಕ್ಷಮಾ ಮಾಡ, ತಂಗಿ.”

“ನಂದೂ ತಪ್ಪಾಗಿದ್ದರ ಕ್ಷಮಾ ಮಾಡ್ರಿ, ಕಾಕು” ಅಂದೆ. ತಪ್ಪು ಏನೆಂದು ಹೇಳಲಿಲ್ಲ. ಅದೇ ಹೊತ್ತು ಹೇಳಬೇಕಿತ್ತು.

ಆಮೇಲೆ ಆಟ ತೆರೆದೆವು. ಸೇತುವೆ ಖಾಲಿ. ಕಾಕು ನನ್ನ ಮೊಣಕೈ ಹಿಡಿದುಕೊಂಡರು. “ಎದ್ದ ಹೋಗೇತಿ ನೋಡು... ನಾ ಅಂದಿದ್ದಿಲ್ಲ?” ಎಂದಾಗ ಅವರ ಕಣ್ಣಲ್ಲಿ ನೀರು ಬಂತು. ಒಳಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ಬಾಯಿ ತುಂಬ ಸಕ್ಕರೆ ಇದ್ದವಳು ಇನ್ನೇನು ಹೇಳಲಿ? ಅಲ್ಲಿಂದ ದೀಪಾವಳಿಯ ತನಕ ಕಳ್ಳನ ಮನಸ್ಸು ಹುಳ್ಳಗೆ ಎಂಬಂತೆ ದಿನ ಕಳೆದೆ.

ದೀಪಾವಳಿಯ ಮರುದಿನ ಪಾವ್ಣೇರು ಸೇತುವೆ ದಾಟಿದರು. ಅಲ್ಲೊಂದು ಗುಹೆ, ಗುಹೆಯಲ್ಲಿ ಉರುಳಿ ಬಿದ್ದ ಬಂಡೆ. ಬಂಡೆ ಸರಿಸಿದಾಗ ನೀರು ಬಂತು. ಮೊದಲು ಒಂದು ಎಳೆ, ಆಮೇಲೆ ಪರದೆ ತುಂಬ. ಕೆಳಗಿನ ಊರು, ಕಾಡು, ನಾವು ಹತ್ತಿ ಕೂತ ಮರ, ಒಂದೊಂದನ್ನೇ ತೋರಿಸುತ್ತ ನೀರು ಸಮುದ್ರದ ಕಡೆಗೆ ಹೋಯಿತು. ಬಾವಿಯ ಹೆಂಗಸು ಕೈ ಬೀಸಿದಳು. ಕಾಕು ಸೆರಗಿನ ತುದಿಯನ್ನು ತುಟಿಗೊತ್ತಿಕೊಂಡು ನೋಡುತ್ತಲೇ ಇದ್ದರು. ಅಷ್ಟು ಚೆಂದದ ಮಧ್ಯಾಹ್ನ ನನ್ನ ಬಾಳಿನಲ್ಲಿ ಬಹಳ ಬಂದಿಲ್ಲ.

ಕೊನೆಯಲ್ಲಿ ಆಟ ಒಂದು ಪಟ್ಟಿ ತೋರಿಸಿತು. ಕಾಕುವಿಗೆ ಇಂಗ್ಲಿಷ್ ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿದರು. ನಡೆದ ದಿನಗಳು ಅಂದೆ. ಕಿತ್ತ ಸೊಪ್ಪು ಅಂದೆ. ಮಾತಾಡಿಸಿದ ಜನ ಅಂದೆ. ಕೊನೆಯ ಸಾಲಿನ ಮುಂದೆ ಒಂದು ಎಂದಿತ್ತು. ಅದು, ಕೊಂದ ಜೀವಗಳು.

“ದಾಟಿದ ಸೇತುವೆ ರೀ, ಕಾಕು.”

ಅವರು ಬೆರಳು ಎತ್ತಲಿಲ್ಲ. “ಮೂರ ದಾಟೇವಲ್ಲ ತಂಗಿ” ಅಂದರು, ಮೆಲ್ಲಗೆ. ಆಟ ದೊಡ್ಡ ಸೇತುವೆಗಳನ್ನು ಮಾತ್ರ ಎಣಿಸುತ್ತದೆ ಎಂದು ಏನೋ ಬಡಬಡಿಸಿದೆ. ಹೌದಾ ಎಂದು ಎದ್ದು, ಬಟ್ಟೆ ಹೊದಿಸಿ, ಒಳಗೆ ಹೋದರು. ಮರುದಿನ ಅವರು ಕಾಯಿಸಿ ಆರಿಸಿದ ನೀರನ್ನಷ್ಟೇ ಕುಡಿದು ಉಪವಾಸ ಮಾಡಿದರು. ಯಾವ ತಿಥಿಯೂ ಅಲ್ಲದ ದಿನ. ಕೇಳಿದ್ದಕ್ಕೆ, ಪಾವ್ಣೇರ ಸಲುವಾಗಿ ಅಂದರು. ಆಟ ಮುಗಿದ ಸಂತೋಷಕ್ಕೆ ಎಂದು ತಿಳಿದುಕೊಂಡೆ. ತಿಳಿದುಕೊಂಡೆ ಎನ್ನುವುದು ಸುಳ್ಳು, ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಹೊರಡುವ ದಿನ ಸಿ.ಡಿ. ಅವರಿಗೆ ಬಿಟ್ಟೆ. ಫ್ಲಾಪಿಯನ್ನು ಅವರು ಆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ಮುಚ್ಚಿದ ಕ್ಲಾಸಿನ ಒಂದು ಕಂಪ್ಯೂಟರನ್ನು ಅವರ ಮಗ ಮನೆಗೇ ಇಟ್ಟುಕೊಂಡ ಎಂದು ಆಮೇಲೆ ತಿಳಿಯಿತು. ಪ್ರತಿ ವರ್ಷ ಕ್ಷಮಾವಾಣಿಗೆ ಗೋಕಾಕಿಗೆ ಅವರ ಕಾರ್ಡು ಬರುತ್ತಿತ್ತು, ಅದೇ ಎರಡು ಸಾಲು. ನಾನೂ ಅದೇ ಎರಡು ಸಾಲು ಬರೆದು ಹಾಕುತ್ತಿದ್ದೆ. ಮೂರನೆಯ ಸಾಲು ಬರೆಯಲು ಕಾರ್ಡಿನಲ್ಲಿ ಎಷ್ಟು ಬೇಕಾದರೂ ಜಾಗವಿತ್ತು...

ಒಂದು ವರ್ಷ ಕಾರ್ಡು ಬರಲಿಲ್ಲ. ಈ ಸಲ ಎದುರೇ ಹೇಳಿಬಿಡೋಣ ಎಂದು ಹುಕ್ಕೇರಿಗೆ ಹೋದೆ. ಹೋಗುವುದರೊಳಗೆ ಚಳಿಗಾಲವಾಗಿತ್ತು. ಕಾಕು ಶ್ರಾವಣದಲ್ಲೇ ಹೋಗಿಬಿಟ್ಟಿದ್ದರು. ಸೊಸೆ ನನ್ನನ್ನು ಕೂಡಿಸಿ ಚಹಾ ಕೊಟ್ಟು, ಕಂಪ್ಯೂಟರು ಇದ್ದ ಮೂಲೆ ತೋರಿಸಿದಳು. ಅದೂ ಕೆಟ್ಟು ಗುಜರಿಗೆ ಹೋಗಿತ್ತು. ಕಾಕು ಆಟವನ್ನು ಮೊದಲಿನಿಂದ ಮತ್ತೆ ಆಡಿದ್ದರಂತೆ, ಒಬ್ಬರೇ, ಎಲ್ಲ ಬಾಯಿಪಾಠವಾಗಿತ್ತಂತೆ.

“ನೀರಿನ ತನಕಾ ಹೋಗಿದ್ದರೇನು?” ಎಂದು ಕೇಳಿದೆ.

“ಎಲ್ಲೀದ್ರಿ. ಕಡೀತನಕಾ ಆ ಕರಡಿ ಮುಂದ ಕುಂತಿದ್ದರ್ರಿ. ದಾಟಿ ಹೋಗ್ರಿ ಅತ್ತಿ ಅಂದರ, ಆ ತಂಗೀಗೆ ಅವಸರ ಇತ್ತು, ನನಗ ಇಲ್ಲ ಅಂತಿದ್ದರು.”

ಎಷ್ಟು ಮಳೆಗಾಲ ಕೂತರೋ, ನಾನು ಕೇಳಲಿಲ್ಲ.

ಈಗ ಈ ಫ್ಲಾಪಿಯನ್ನು ತೆರೆಯುವ ಯಂತ್ರ ನನ್ನಲ್ಲಿಲ್ಲ. ತೆರೆದರೂ ಅದರಲ್ಲಿರುವುದು ಖಾಲಿ ಸೇತುವೆ. ಬಟ್ಟೆಯನ್ನು ಕೊಡವಿ, ಮತ್ತೆ ನಾಲ್ಕು ಮಡಿಕೆ ಹಾಕಿ, ಮೂಗಿಗೆ ಹಿಡಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ನಾಚಿಕೆ ಬಿಟ್ಟು ಬಾಯಿ ಬಿಟ್ಟೇ ಹೇಳಿದೆ.

“ಆ ಕರಡೀನ ನಾನ ಕೊಂದೆ, ಕಾಕು. ಕ್ಷಮಾ ಮಾಡ್ರಿ.”

ನಂದೂ ತಪ್ಪಾಗಿದ್ದರೆ ಕ್ಷಮಾ ಮಾಡು ತಂಗಿ ಎಂದು ಮರಳಿ ಕೇಳಬೇಕಾದವರು ಇಲ್ಲ.