ಯೂನಿವರ್ಸಿಟಿಯ ಬರಿ

"ಈ ಯೂನಿವರ್ಸಿಟಿಯ ಬರಿ ಯಾವುದು?" ಎಂದು ಕೇಳಿಯೇಬಿಟ್ಟೆ. ಬಿಜೈಯ ಆನ್‌ಲೈನ್ ಕೋರ್ಸಿನ ಕಚೇರಿಯಲ್ಲಿದ್ದ ಹುಡುಗಿ ಕಣ್ಣರಳಿಸಿದಳು. ಮೊಮ್ಮಕ್ಕಳೇ, ಕೋರ್ಸಿಗೆ ಸೇರಲೆಂದು ಬಂದು ಪಕ್ಕದಲ್ಲಿದ್ದ ನಿಮ್ಮ ಅಮ್ಮ ನಾಚಿ ತಲೆ ತಗ್ಗಿಸಿದಳು. ಮಾನ್ಯತೆ ಇಲ್ಲದ ಡಿಗ್ರಿಯಾದರೆ ಅವಳಿಗೆ ಎಲ್ಲಿಯೂ ಕೆಲಸ ಸಿಗದು. ಆದರೆ ಮಾನ್ಯತೆ ಎಂಬ ಪದ ಆಗ ನನ್ನ ಬಾಯಿಗೆ ಬರಲಿಲ್ಲ. ತುಳುವರಾದ ನಾವು ಮದುವೆಗೆ ಮೊದಲು ಬರಿ, ಅಂದರೆ ಕುಲ, ವಿಚಾರಿಸುವ ಹಾಗೆ ಕೇಳಿದ್ದೆ.

"ಒಳ್ಳೆ ಬರಿಯೇ ಅಜ್ಜಿ, ನೋಡಿ!" ಹುಡುಗಿ ನಗುತ್ತ ಸರಕಾರದ ವೆಬ್‌ಸೈಟಿನಲ್ಲಿ ಯೂನಿವರ್ಸಿಟಿಯ ಹೆಸರು, ಕೋರ್ಸಿಗೆ ಸಿಕ್ಕ ಒಪ್ಪಿಗೆ ಎರಡನ್ನೂ ತೋರಿಸಿದಳು. ಓದಿ ನೋಡಿದ ಸೊಸೆಯ ಮುಖ ಅರಳಿತು.

"ಇನ್ನು ಎಂತ ಯೋಚನೆ ಮಾಮಿ? ಸಂಬಂಧ ಗಟ್ಟಿ ಮಾಡುವ!" ಎಂದಳು.

ಈಗ ಅವಳ ಕ್ಲಾಸಿನ ಹೊತ್ತಿಗೆ ಮನೆಯಲ್ಲಿ ಟಿವಿ ಬಂದ್. ಧಾರಾವಾಹಿ ತಪ್ಪಿದರೂ, ಅವಳು ಪಾಠ ಓದುವುದನ್ನು ಕೇಳುತ್ತ ನಾನು ಖುಷಿಯಿಂದ ಮೀನು ಸಾರು ಕುದಿಸುತ್ತೇನೆ.